ಎಲುಬು ಸಾಬರ್ದು, ಜ್ವರ ನಂದು

ನೊಣ ಕುಂತೈತಿ, ಕಿರಿಬೆರಳಿನ ಉಗುರಿನ ಮ್ಯಾಲ, ಹಸರ ಬೆನ್ನಿನ ನೊಣ, ಮುಂಗಾಲು ತಿಕ್ಕೋತ ಕುಂತೈತಿ, ಶಿವನಪ್ಪ ಅದನ್ನ ಝಾಡಸವಲ್ಲ — ಎಚ್ಚರ ಅದಾನ, ಕಣ್ಣು ತೆರದು ಜಂತಿ ನೋಡಾಕ ಹತ್ಯಾನ, ಆದ್ರೂ ಬೆರಳು ಅಲ್ಲಾಡವಲ್ದು, ನೊಣ ಕಿರಿಬೆರಳಿಂದ ಉಂಗುರದ ಬೆರಳಿಗೆ ದಾಟಿತು, ಅಲ್ಲಿಂದ ನಡುಬೆರಳಿಗೆ, ತನ್ನ ಹೊಲದಾಗ ತಾ ತಿರಗ್ಯಾಡಿದಂಗ, ಅವಂಗ ಗೊತ್ತಾಗವಲ್ದು, ನನಗ ಗೊತ್ತಾತು. ನಿನ್ನೆ ಸಂಜೀಗೇ ಗೊತ್ತಾಗಿತ್ತು, ಯಾರೂ ನೋಡದಾಗ ಆ ಬೆರಳ ತುದಿ ಮುಟ್ಟಿದ್ದೆ, ಬಾವ್ಯಾಗಿನ ಕಲ್ಲು ಮುಟ್ಟಿದಂಗ ತಣ್ಣಗ, ಮೈಯೆಲ್ಲಾ ಜ್ವರದಾಗ ಕಾದ ಹಂಚಾಗಿ ಬೆರಳಷ್ಟ ತಣ್ಣಗಾದ್ರ ಏನರ್ಥ ಅಂತ ನನಗ ಯಾರೂ ಕಲಿಸಬೇಕಾಗಿಲ್ಲ, ನಾಡಿ ಹಿಡಿಯೋ ಮನಿತನ ನಮ್ದು, ಅಜ್ಜನ ಕಾಲದಿಂದ ಗಜೇಂದ್ರಗಡದಾಗ ಯಾರ ಮೈಯಾಗ ಏನೈತಿ ಅಂತ ಹೇಳಿದವರು ನಾವ. ಮುರದ ಕೈಯ ಕಟ್ಟು ಬಿಗಿ ಆಗೇತಿ, ಅಷ್ಟ. ಕುಡಗೋಲು ತಗೊಂಡು ದಾರ ಹರದ್ರ ಆತು, ಅವನ ಹೆಂಡ್ತಿ ಕಲ್ಲವ್ವನ ಕೈಲೂ ಆಗೋ ಕೆಲಸ. ಆದ್ರ ಕಟ್ಟಿದವ ನಾ ಅಲ್ಲ. ಇಲ್ಲಿ ಯಾರಿಗೂ ಕಾಣಂಗಿಲ್ಲ, ನೂಲಿಗೆ ನೀಲಿ ಬಣ್ಣ ಹಾಕೋ ನೀಲಗಾರರ ಮನಿ, ಇವರ ಬೆರಳು ಹುಟ್ಟಿದಾಗಿಂದ ಬಾನಿಯ ನೀಲಿಯಾಗ ಅದ್ದಿದ ಬೆರಳು, ಕರ್ರಗಾದ್ರೂ ಬಣ್ಣ ಅಂತಾರ, ಹುಳಿತ ಬಾನಿಯ ವಾಸನಿ ಪಡಸಾಲಿ ತುಂಬೈತಿ, ಅದರಾಗ ಇನ್ನೊಂದು ವಾಸನಿ ಸಣ್ಣಗ ಸೇರಾಕ ಹತ್ತೇತಿ, ಸಿಹಿ ವಾಸನಿ, ಅದು ನನ್ನ ಮೂಗಿಗೆ ಒಬ್ಬಂಗ ಹತ್ತೇತಿ, ನಾ ಸುಮ್ನ ಕುಂತೀನಿ.

ಅಂವ ಕೈ ಮುರಕೊಂಡ ದಿನಾನೂ ಇಲ್ಲೇ ಕುಂತಿದ್ದೆ, ಇದ ಕಂಬಕ್ಕ ಆತು, ಮಾಳಗಿ ಮ್ಯಾಲ ನೂಲು ಒಣಗಿ ಹಾಕಾಕ ಹೋಗಿ ಬೆಳಕಿಂಡ್ಯಾಗ ಕಾಲಿಟ್ಟು ಬಿದ್ದಿದ್ದ ಶಿವನಪ್ಪ, ಬಲಗೈ ಮಣಿಕಟ್ಟಿನ ಮ್ಯಾಲ ಮುರದು ಕುಡಗೋಲಿನಂಗ ಡೊಂಕಾಗಿತ್ತು, ಅವನ ತಾಯಿ ಸಿದ್ದವ್ವ ಮೊದಲ ನನಗ ಹೇಳಿ ಕಳಿಸಿದ್ಲು, ನನಗ, ಗುರುಸಂಗಪ್ಪಾರು ಬರ್ಲಿ ಅಂತ. ನಾ ಬಂದೆ, ಕಣ್ಣು ಮುಚ್ಚಿ ನಾಡಿ ಹಿಡದೆ, ಗಂಡಸಿನ ನಾಡಿ ಬಲಗೈಯಾಗ ನೋಡಬೇಕು, ಬಲಗೈ ಮುರದೈತಿ, ಎಡಗೈ ಹಿಡದೆ, ವಾತ ಕೆರಳೇತಿ, ಪಿತ್ತ ಏರೇತಿ ಅಂದೆ, ಏನು ತಪ್ಪಂದೆ, ಏರಿತ್ತು. ಅಷ್ಟರಾಗ ಓಣಿ ಮಂದಿ ದಾರಿ ಬಿಟ್ರು, ಎಲುಬು ಕಟ್ಟೋ ಜಂಗ್ಲಿಸಾಬ ಬಂದ, ಕೋಣನಂಥಾ ಹೆಗಲು, ತಲಿಯಾಗೂ ಕೋಣನ, ಎಲುಬಿನವರ ಜಾತೀನ ಹಂಗ, ಎಳಿಯೋದೊಂದ ಗೊತ್ತು, ಎತ್ತಿನ ಕಾಲೂ ಒಂದ, ಮನಶ್ಯಾನ ಕೈಯೂ ಒಂದ. ನಿಂತಲ್ಲೇ ನೋಡಿ ನಕ್ಕ — ವೈದ್ಯಾರ, ಹೆಣ್ಣಮಗಳ ನಾಡಿ ಹಿಡದಂಗ ಎಡಗೈ ಹಿಡಕೊಂಡೀರಲ್ರಿ, ಮುರದದ್ದು ಎಲುಬ್ರಿ, ಪಿತ್ತ ಅಲ್ಲ. ಪಡಸಾಲಿಗೆ ಪಡಸಾಲೀನ ನಕ್ತು. ಮುದುಕೀರು ಸೆರಗು ಬಾಯಿಗೆ ಇಟ್ಕೊಂಡು ನಕ್ರು. ಶಿವನಪ್ಪನೂ ನಕ್ಕ, ಹಲ್ಲು ಕಡಕೋತ, ಬೆವರು ಸುರಿಸ್ಕೋತ, ಆ ನೋವಿನ್ಯಾಗೂ ನನ್ನ ನೋಡಿ ನಕ್ಕ, ಅಂವ ತಾಯಿ ಹೊಟ್ಯಾಗಿದ್ದಾಗ ಕಷಾಯ ಕೊಟ್ಟು ಉಳಿಸಿದವ ನಾ. ಜಂಗ್ಲಿಸಾಬ ಅವನ ಬಗಲಾಗ ಕಾಲು ಕೊಟ್ಟು ಎಳದ, ಖಟ್ ಅಂತು, ಕೈ ನೆಟ್ಟಗಾತು, ಖರೇ ಹೇಳ್ತೀನಿ, ಚಲೋ ಎಳದ. ತತ್ತಿ ಲೋಳಿ ಹಚ್ಚಿ ಕಟ್ತೀನಿ ಅಂದ, ಲಿಂಗವಂತರ ಮನ್ಯಾಗ ತತ್ತಿ ಬ್ಯಾಡ ಅಂದ್ಲು ಸಿದ್ದವ್ವ, ಆಗ್ಲಿ ಬಿಡ್ರವ್ವಾ ಅಂತ ಉದ್ದಿನ ಹಿಟ್ಟು ಕಲಸಿ, ಬಿದರ ಸೀಳು ಇಟ್ಟು, ಸುತ್ತಿ ಸುತ್ತಿ ಕಟ್ಟಿದ. ಉದ್ದಿನ ಹಿಟ್ಟು ಒಣಗಿದಂಗ ಬಿಗೀತೈತಿ, ಅಡಗಿ ಮಾಡೋ ಹೆಂಗಸ್ರಿಗೆ ಗೊತ್ತದು, ಅವಂಗ ಗೊತ್ತಿರಲಿಲ್ಲ ಅಥವಾ ನೆನಪಾಗಲಿಲ್ಲ. ಜ್ವರ ಬಂದ್ರ ಅಂತ ಸಿದ್ದವ್ವ ಕೇಳಿದ್ಲು. ಎಲುಬು ನಂದು, ಜ್ವರ ವೈದ್ಯಾರ್ದು, ಅವರೂ ಬದುಕಬೇಕಲ್ರಿ ಅಂದ, ಮತ್ತೊಮ್ಮೆ ನಕ್ರು. ಅವತ್ತೇ ಅಂವ ನರಗುಂದಕ್ಕ ಹೋದ, ಕ್ವಾಟ್ಯಾಗ ಯಾವನೋ ಕುದರಿ ಮ್ಯಾಲಿಂದ ಬಿದ್ದು ತೊಡಿ ಮುರಕೊಂಡಿದ್ದ, ಅರಮನಿಯವರ ಕರಿ ಬಂತಂತ ರುಮಾಲು ಸುತ್ತಿಕೊಂಡು ಎದಿ ಉಬ್ಬಿಸಿ ಹೋದ.

ಅಪ್ಪಾರ, ಅಂದ್ಲು ಕಲ್ಲವ್ವ, ಬೆರಳ ಮ್ಯಾಲಿನ ನೊಣ ನೋಡಿಕೋತ. ಶಿವನಪ್ಪನ ಹೆಂಡ್ತಿ, ಇನ್ನೂ ಹುಡುಗಿ, ಗಂಡನ ಬಾಯಿಗೆ ಗಂಜಿ ಹಾಕಿ ಹಾಕಿ ಕೈ ಒರಸಕೊಳ್ಳೋದೂ ಮರತಾಳ. ಅಪ್ಪಾರ, ಬೆರಳು ತಣ್ಣಗ ಅದಾವ್ರಿ, ಯಾಕ್ರಿ. ಆಗ ನೊಣ ಹಾರಿತು. ಆ ಹುಡುಗಿ ನನ್ನ ಬಾಯಿ ನೋಡಾಕ ಹತ್ಯಾಳ, ನಾ ಏನಂತೀನಿ ಅದ ಖರೇ ಅನ್ನೋಹಂಗ, ನನ್ನ ನಾಲಿಗಿ ಮ್ಯಾಲ ಕುಡಗೋಲು ತಾ ಅನ್ನೋ ಮಾತು ಬಂದು ನಿಂತೈತಿ, ನಾ ನಾಲಿಗಿ ಒಳಗ ಎಳಕೊಂಡೆ, ನಕ್ಕಿದ್ರಲ್ಲ, ಈಕಿ ನಕ್ಕಿದ್ಲೋ ಇಲ್ಲೋ ನೆನಪಿಲ್ಲ, ನಕ್ಕಿರಬೇಕು. ಎಲುಬಿನ ಮಾತು ಸಾಬರ್ನ ಕೇಳವ್ವಾ, ಅಂದೆ, ನಂದೇನಿದ್ರೂ ಜ್ವರ. ಸಾಬರು ನರಗುಂದದಾಗ ಅದಾರ್ರಿ ಅಂದ್ಲು. ಬರ್ಲಿ ತಗೋ. ಅಮೃತಬಳ್ಳಿ ಕಷಾಯ ಕಾಸಿ ಕುಡಸು, ನಾಳಿ ಬರ್ತೀನಿ. ಆಕಿ ಕಷಾಯ ಕಾಸಿದ್ಲು, ನಾ ಹೇಳಿದಂಗ, ಪಾಪ, ನಾ ಹೇಳಿದಂಗ. ಮರುದಿನ ಬಂದೆ, ಶಿವನಪ್ಪ ನೋವು ಹೋಗೇತ್ರಿ ಅಂತ ನಕ್ಕ, ಈ ನಗು ಬ್ಯಾರೆ, ಗುಣಾತಂತ ತಿಳಕೊಂಡವನ ನಗು, ಸಿದ್ದವ್ವ ಸಾಬರ ಕೈಗುಣ ಅಂದ್ಲು. ನೋಡು, ಆಗರೆ ನಾ ಹೇಳಬೌದಿತ್ತು. ನೋವು ಹೋದದ್ದು ಕೈ ಸತ್ತದ್ದಕ್ಕ ಅಂತ ಹೇಳಬೌದಿತ್ತು. ಸಾಬರ ಕೈಗುಣ ಅಂದ್ಲು ಮುದುಕಿ, ನನ್ನ ಮುಂದ ಕುಂತು, ನನ್ನ ಕಷಾಯ ಕುಡಿಸ್ಕೋತ. ಹೌದ್ರವ್ವಾ ಅಂದೆ, ದೊಡ್ಡ ಕೈ ಅಂದೆ.

ಜಂಗ್ಲಿಸಾಬ ತಿರುಗಿ ಬಂದಾಗ ಮಟಾ ಮಟಾ ಮಧ್ಯಾನ್ನ, ಅಂವ ಬರೋ ಸುದ್ದಿ ಕೇಳಿ ನಾ ಬೇಕಂತ ಮುಂಚೆ ಬಂದು ಕುಂತಿದ್ದೆ, ಓಣಿ ಮಂದೀನೂ ಬರ್ಲಿ ಅಂತ ಸುದ್ದಿ ಬಿಟ್ಟಿದ್ದೆ, ಅವತ್ತು ನಕ್ಕವರೆಲ್ಲಾ ಇರಬೇಕು. ನರಗುಂದದಾಗ ಭಾಳ ಗಡಿಬಿಡಿ ಐತ್ರಿ, ಕಂಪನಿ ಸರಕಾರದವರು ಮಂದಿ ಕೈಯಾನ ಹತಾರ ಕಸಗೊಳ್ಳಾಕ ಹತ್ಯಾರ ಅಂತ ಹೇಳ್ಕೋತ ಕುಂತ, ಹೇಳ್ಕೋತನ ಕಟ್ಟಿಗೆ ಕೈ ಹಚ್ಚಿದ, ಬೆರಳು ಮುಟ್ಟಿದ, ಮಾತು ಅಲ್ಲೇ ನಿಂತಿತು. ಕುಡಗೋಲು ತಾ ಅಂದ, ನಾ ನುಂಗಿದ ಮಾತನ್ನ ಅಂವ ಅಂದ. ಕಟ್ಟು ಬಿಚ್ಚಿದ ಕೂಡಲೇ ವಾಸನಿ ಬಂತು, ಮಂದಿ ಹಿಂದ ಸರದ್ರು, ಕಲ್ಲವ್ವ ಸರೀಲಿಲ್ಲ. ಅಂವ ಕೈ ನೋಡಿದ, ಆಮ್ಯಾಲ ನನ್ನ ನೋಡಿದ, ನೋಡಿಕೋತನ ಉಳದ — ವೈದ್ಯಾರ, ದಿನಾ ನೀವು ಇಲ್ಲೇ ಕುಂತಿದ್ರಿ. ಎಲುಬು ನಿಮ್ದು ಸಾಬರ, ಜ್ವರ ನಂದು, ಹಂಗಂತ ನೀವ ಹೇಳಿದ್ರಿ ಅಂದೆ, ಎಷ್ಟು ಸಲ ಮನಸ್ಸಿನ್ಯಾಗ ಅಂದು ನೋಡಿದ್ದೆ ಆ ಮಾತು, ಅಂದಾಗ ಜೇನಿನಂಗ ಇತ್ತು. ಅಂವ ರುಮಾಲು ತಗದು ಶಿವನಪ್ಪನ ಕಾಲ ಹತ್ರ ಇಟ್ಟ, ಸಿದ್ದವ್ವ ಬಾನಿಯಿಂದ ಚರಗಿ ತುಂಬಿ ತಂದು ಅವನ ಮಾರಿಗೆ ಉಗ್ಗಿದ್ಲು, ಗಡ್ಡ ನೀಲಿ, ಕಣ್ಣಿನ ಬಿಳೀನೂ ನೀಲಿ, ಮಂದಿ ಕಲ್ಲು ತಗೊಂಡ್ರು, ಅಂವ ಬರೀ ತಲೀಲೆ ಬಿಸಲಾಗ ಓಣಿ ಹಿಡದು ಹೋದ, ಇನ್ನ ಈ ಸೀಮ್ಯಾಗ ಅವನ ಕೈಯಾಗ ಕೋಳಿ ಕಾಲೂ ಕೊಡಂಗಿಲ್ಲ ಯಾರೂ. ನಾ ಗೆದ್ದೆ. ಗೆದ್ದವನಂಗ ಅನಸ್ತು, ಹೊಟ್ಟಿ ತಂಪಾತು, ಸುಳ್ಳ್ಯಾಕ ಹೇಳ್ಲಿ.

ಕೈ ಕಡೀಬೇಕು ಅಂತ ನಾನ ಹೇಳಿದೆ, ಇಲ್ಲಾಂದ್ರ ಜೀವ ಉಳಿಯಂಗಿಲ್ಲ, ರೋಣದ ಮೈಲಾರಪ್ಪಗ ಹೇಳಿ ಕಳಿಸಿದ್ವಿ, ಹುಣ್ಣು ಕೊಯ್ಯೋ ಮೈಲಾರಪ್ಪ, ಕೊಯ್ಯೋರು ಕೊಯ್ದ ಮ್ಯಾಲ ಕೇಳ್ತಾರ ಯಾವ ಕಾಲು ಅಂತ, ಹಂಗ ಆಡಿಕೋತೀವಿ ನಾವು. ಕಂಪನಿಯವರು ಹತಾರ ಅಂತ ಕಸಗೋತಾರಂತ ಅಂಜಿ ಅಂವ ತನ್ನ ಕತ್ತಿ ಗರಗಸ ಎಲ್ಲಾ ನೆಲದಾಗಿನ ಜ್ವಾಳದ ಹಗೇದಾಗ ಹುಗದಿಟ್ಟಿದ್ದ, ತಗದು ತರೋದು ತಡಾತು, ತಂದ, ಮಸಕೋತ ಕುಂತ, ನನ್ನ ನೋಡಿ ಮೀಸ್ಯಾಗ ನಕ್ಕ — ನೀವು ನಾಡಿ ಹಿಡದ್ರಿ, ಅಂವ ಎಲುಬು ಹಿಡದ, ನಡುವ ಕೈ ಯಾರ್ದೂ ಅಲ್ಲಂತ ನನಗ ಬಂತೇನ್ರಿ. ಅಪೀಮು ಅರದು ಶಿವನಪ್ಪಗ ಕುಡಿಸಿದೆ. ಅಂವ ನನ್ನ ಅಂಗಿ ಚುಂಗು ಹಿಡಕೊಂಡ, ಎಡಗೈಲೆ — ಅಪ್ಪಾರ, ನೀವು ಇಲ್ಲೇ ಇರ್ರಿ, ನಿಮ್ಮ ಮಾತು ಮೊದಲ ಕೇಳಿದ್ರ ಹಿಂಗ ಆಗ್ತಿರಲಿಲ್ಲ. ಯಾವ ಮಾತೋ, ನಾ ಯಾವ ಮಾತು ಹೇಳೀನೋ ನಿನಗ. ಕೈ ಬಿಗಿ ಹಿಡೀರಿ, ಅಲ್ಲಾಡಬಾರ್ದು ಅಂದ ಮೈಲಾರಪ್ಪ, ಬ್ಯಾರೆ ಯಾರಿಗೂ ಹಿಡಿಯಾಕ ಧೈರ್ಯ ಇಲ್ಲ, ನಾ ಹಿಡದೆ, ಬೆರಳಿನ್ಯಾಗ ಬೆರಳು ಕೊಟ್ಟು ಹಿಡದೆ, ಗರಗಸ ಹೋಗಾಕ ಹತ್ತಿತು, ಬರಾಕ ಹತ್ತಿತು, ಅಪೀಮಿನ ಒಳಗಿಂದ ಶಿವನಪ್ಪ ಅವ್ವಾ ಅಂದ, ನಾ ಎಳದು ಹಿಡದೆ, ಎಳದು ಹಿಡದವ ಹಿಂದಕ್ಕ ಬಿದ್ದೆ, ಯಾಕಂದ್ರ ಆ ಕಡೆಯಿಂದ ಎಳಿಯಾವ್ರು ಯಾರೂ ಇರಲಿಲ್ಲ. ಎದ್ದು ಕುಂತೆ. ಮೈಲಾರಪ್ಪ ಕಾದ ಎಣ್ಣಿ ಅಂತ ಒದರಾಕ ಹತ್ಯಾನ, ಎಲ್ಲಾರೂ ಶಿವನಪ್ಪನ ಕಡೆ ಓಡಿದ್ರು, ಕೈ ನನ್ನ ಕೈಯಾಗ ಐತಿ. ಸಿದ್ದವ್ವಾ ಇದನ್ನ ತಗೋರಿ ಅಂದೆ, ಆಕಿ ತಿರುಗಿ ನೋಡಲಿಲ್ಲ, ಕಲ್ಲವ್ವಾ ಅಂದೆ, ಕಲ್ಲವ್ವ ನೋಡಿದ್ಲು, ಕೈ ನೋಡ್ಲಿಲ್ಲ, ನನ್ನ ನೋಡಿದ್ಲು, ಅವತ್ತು ಕೇಳಿದ್ಲಲ್ಲ ತಣ್ಣಗ್ಯಾಕ ಅಂತ, ಹಂಗ. ಎಲ್ಲಿ ಇಡ್ಲಿ, ನೆಲದ ಮ್ಯಾಲ ಇಡಾಕ ಬರಂಗಿಲ್ಲ, ನಾಯಿ ಅದಾವ, ಹೂಳಬೇಕು, ಮಣ್ಣಿಗೆ ಯಾರು ಬರ್ತಾರ ಒಂದು ಕೈಗೆ, ಬೆರಳಿನ್ಯಾಗ ಬೆರಳು ಸಿಕ್ಕೊಂಡಾವ, ಬಿಡಿಸಾಕ ಬರವಲ್ದು, ಎದ್ದು ಅಂಗಳಕ್ಕ ಬಂದೆ, ಹೊಸ್ತಲ ದಾಟಿದೆ, ಬಿಸಲು, ಓಣಿಯಾಗ ಮಂದಿ ನೋಡಾಕ ಹತ್ಯಾರ, ಬಾಜೂಕ ನನ್ನ ಕೈ ಜೋತು ಬಿದ್ದೈತಿ, ಅದರಾಗ ಅವನ ಕೈ, ಸಣ್ಣ ಕೂಸಿನ ಕೈ ಹಿಡದು ಓಣಿ ದಾಟಸಾಕ ಹೊಂಟಂಗ, ಕೈ ಹಿಡದೀನಿ, ಮ್ಯಾಲ ಕೂಸಿಲ್ಲ, ಕೈ ಹಿಡದೀನಿ, ಕೂಸಿಲ್ಲ, ಕೈ —