ಸೀಮೆಎಣ್ಣೆ ಕ್ಯಾನಿನಲ್ಲಿ ಪೆಟ್ರೋಲು

ಕುವೈತಿನಲ್ಲಿ ಯುದ್ಧ ಹತ್ತಿಕೊಂಡ ವರ್ಷ ಕುಣಿಗಲ್ಲಿನಲ್ಲಿ ಪೆಟ್ರೋಲಿಗೂ ಸೀಮೆಎಣ್ಣೆಗೂ ಹಾಹಾಕಾರ. ಎಲ್ಲೋ ಮರಳುಗಾಡಿನ ಎಣ್ಣೆಬಾವಿಗಾಗಿ ದೊಡ್ಡ ದೊಡ್ಡ ದೇಶಗಳು ಕಿತ್ತಾಡಿದರೆ, ನಾವು ಇಲ್ಲಿ ರೇಷನ್ ಡಿಪೋ ಮುಂದೆ ಕ್ಯಾನು ಹಿಡಿದು ನಿಲ್ಲಬೇಕು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಯಜಮಾನರು ಗಂಗಣ್ಣನವರಿಗೆ ಮಾತ್ರ ಒಂದು ದಿನ ಹಬ್ಬ. ಮಂಗಳೂರು ರಸ್ತೆಯಲ್ಲಿ ಟ್ಯಾಂಕರ್ ಮಗುಚಿ ಪೆಟ್ರೋಲು ಚರಂಡಿಗೆ ಹರಿದಿತ್ತು. ಜನ ಬಿಂದಿಗೆ ಹಿಡಿದು ಓಡಿದ್ದರು. ಈ ಪುಣ್ಯಾತ್ಮರೂ ತಮ್ಮ ಲೂನಾ ಮೊಪೆಡ್ಡಿಗೆ ಅಂತ ಒಂದು ಕ್ಯಾನು ತುಂಬಿಸಿ ತಂದು, ಅಡುಗೆಮನೆ ಮೂಲೆಯಲ್ಲಿಟ್ಟು, ಯಾರಿಗೂ ಹೇಳದೆ ಟೀ ಅಂಗಡಿಗೆ ಹೋಗಿದ್ದರು. ಅದು ನಮ್ಮ ಸೀಮೆಎಣ್ಣೆ ಕ್ಯಾನು.

ಸಂಜೆ ನಾನು ಸಂತೆಯಿಂದ ಬಂದಾಗ ಕರೆಂಟು ಹೋಗಿತ್ತು. ಟೀ ಅಂಗಡಿಯಿಂದ ಬಂದಿದ್ದ ಯಜಮಾನರು ಕತ್ತಲಲ್ಲೇ ಖಾಲಿ ಕ್ಯಾನು ಅಲ್ಲಾಡಿಸುತ್ತಿದ್ದರು.

“ಅವ್ವಾ, ಇದ್ರಲ್ಲಿದ್ದ ಪೆಟ್ರೋಲ್ ಎಲ್ಲವ್ವ?”

ನಮ್ಮತ್ತೆಗೆ ನಶ್ಯ ಏರಿಸಿ ಏರಿಸಿ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

“ಪೆಟ್ರೋಲಾ? ಡಿಪೋದಲ್ಲಿ ಸೀಮೆಎಣ್ಣೆ ಕೊಟ್ಟವ್ರೆ ಅಂದ್ಕೊಂಡೆ ಕಣ್ಲಾ. ಪಕ್ಕದ್ಮನೆ ಫಾತಿಮುನ್ನೀಸಾ, ಮಗೀಗೆ ಹಾಲು ಕಾಯ್ಸಕ್ಕೂ ಎಣ್ಣೆ ಇಲ್ಲ ಅಂತಿದ್ಲು. ಪೂರ್ತಿ ಕೊಟ್ಬುಟ್ಟೆ.”

ಚಪ್ಪಲಿ ಮೆಟ್ಟದೆ ಪಕ್ಕದ ಮನೆಗೆ ಓಡಿದೆ.

“ಫಾತಿಮುನ್ನೀಸಾ, ಕಡ್ಡಿ ಗೀರ್ಬೇಡ ಕಣೇ!”

ಮಸೀದಿಯಲ್ಲಿ ಸಂಜೆಯ ಆಜಾನ್ ಆಗಷ್ಟೇ ಮುಗಿದಿತ್ತು. ಒಳಗೆ ಮಬ್ಬುಗತ್ತಲಲ್ಲಿ ಅವಳು ನಮಾಜಿಗೆ ನಿಂತಿದ್ದಳು. ಮೂಲೆಯಲ್ಲಿ ತುಂಬಿಸಿಟ್ಟ ಸ್ಟೌವ್, ಅದರ ಮೇಲೆ ಹಾಲಿನ ಪಾತ್ರೆ, ಪಕ್ಕದಲ್ಲಿ ಬೆಂಕಿಪೊಟ್ಟಣ. ಚಾಪೆಯ ಮೇಲೆ ಮಲಗಿದ್ದ ಮಗು ಕಾಲಾಡಿಸುತ್ತಿತ್ತು. ಪೊಟ್ಟಣ ಕಸಿದು ಸೆರಗಿಗೆ ಕಟ್ಟಿಕೊಂಡೆ. ಆಜಾನ್ ಚೂರು ತಡವಾಗಿದ್ದರೆ ಅವಳು ಆಗಲೇ ಕಡ್ಡಿ ಗೀರಿರುತ್ತಿದ್ದಳು.

ನಮಾಜು ಮುಗಿಸಿ ತಿರುಗಿದವಳಿಗೆ ತೊದಲುತ್ತಲೇ ವಿಷಯ ಹೇಳಿದೆ. ಅವಳು ಮಗುವನ್ನು ಬಾಚಿ ಎದೆಗವಚಿಕೊಂಡಳು.

“ಡಿಪೋ ಎಣ್ಣೇಲಿ ಏನೇನೋ ಬೆರೆಸ್ತಾರಲ್ಲ, ಅದ್ಕೇ ಇಷ್ಟು ವಾಸನೆ ಅಂದ್ಕೊಂಡೆ ಅಕ್ಕಾ,” ಅಂದಳು. ಆಮೇಲೆ ಅವಳ ಕಣ್ಣು ಹಿತ್ತಿಲ ಕಡೆ ಹೊರಳಿತು. “ಯಾ ಅಲ್ಲಾ! ಅರ್ಧ ಹಿಂದಿನ್ಮನೆ ಓಬಳಮ್ಮಂಗೆ ಕೊಟ್ಟಿದೀನಿ. ಅವರ್ಮನೇಲೂ ದೀಪಕ್ಕೆ ಎಣ್ಣೆ ಇರ್ಲಿಲ್ಲ.”

ಹಿತ್ತಿಲ ಬಾಗಿಲು ತಳ್ಳಿ ಕೂಗಲು ಬಾಯಿ ತೆರೆದೆ. ಓಬಳಮ್ಮನ ಕಿಟಕಿಯಲ್ಲಿ ಕಡ್ಡಿ ಗೀರಿದ ಬೆಳಕು ಕಾಣಿಸಿತು.