ಹಣ್ಣಾದ ಹುಳ

ಹೋದ ಸಲ ಕೆಲಸ ಕೆಡಿಸಿದ್ದು ನಮ್ಮ ಅತ್ತೆ. ಎಂಟು ವರ್ಷದ ನನ್ನ ಮಗಳು ಕವನಳಿಗೆ ಮೂರು ತಿಂಗಳಿಂದ ಮಲದಲ್ಲಿ ರಕ್ತ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಅದಕ್ಕೆ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಬೇಕು ಎಂದಿದ್ದರು ಡಾಕ್ಟರು. ಮಗು ಹಸಿದಿದೆಯೆಂದು ಅತ್ತೆ ಶಿವಲಿಂಗಮ್ಮ ನನ್ನ ಕಣ್ಣು ತಪ್ಪಿಸಿ ಮುದ್ದೆ ಉಣ್ಣಿಸಿಬಿಟ್ಟರು. ಪರೀಕ್ಷೆ ಮಾಡಲಾಗದೆ ವಾಪಸ್ ಕಳಿಸಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆವತ್ತಿನಿಂದ ಅತ್ತೆಯ ಜೊತೆ ಮಾತು ಅಷ್ಟಕ್ಕಷ್ಟೆ.

ಈ ಸಲ ನರ್ಸ್ ಕೆಹಕಶಾನ್ ಉಪಾಯ ಹೇಳಿಕೊಟ್ಟಿದ್ದರು. ಹೊಟ್ಟೆ ಖಾಲಿ ಮಾಡಿಸುವ ಔಷಧಿ ನೀರು ತಣ್ಣಗಿರಲಿ, ಸ್ಟ್ರಾ ಹಾಕಿ ಒಸಿಒಸಿ ಕೊಡಿ, ನಡುವೆ ಎಳನೀರು ಕೊಡಿ, ಲೋಟ ಮಗುವೇ ಆರಿಸಲಿ. ಕವನ ತನ್ನ ಬೆಳ್ಳಿ ಲೋಟ ಆರಿಸಿದಳು. ಮೂರು ಲೋಟ ಇಳಿಯಿತು. ನಾಲ್ಕನೆಯದಕ್ಕೆ ತುಟಿ ಬಿಗಿದಳು.

"ಉಪ್ಪುಪ್ಪು. ನಂಗ್ ಬ್ಯಾಡ."

ನಾನು ಗದರಿದೆ. ಅವಳು ಅತ್ತಳು. ಅತ್ತೆ ನಾವು ರೇಷ್ಮೆ ಸಾಕುವ ಹುಳದ ಮನೆಗೆ ಹೋಗಿ, ಅಂಗೈಯಲ್ಲಿ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳವೊಂದನ್ನು ತಂದು ಬೆಳಕಿಗೆ ಹಿಡಿದರು.

"ನೋಡವ್ವ, ಮೈ ಹೆಂಗೆ ಗಾಜಿನಂಗಾಗೈತೆ. ತಿನ್ನೋದ್ ಬುಟ್ಟು ಹೊಟ್ಟೆ ಖಾಲಿ ಮಾಡ್ಕಂಡೈತೆ. ಈಗ ಸೊಪ್ಪು ಹಾಕುದ್ರೂ ಮುಟ್ಟಕಿಲ್ಲ. ಹಂಗಾದ್ರೇನೆ ಗೂಡು ಕಟ್ಟೋದು."

"ಗೂಡು ಕಟ್ಟಿದ್ಮೇಲೆ ಬೇಯಿಸ್ತಾರಲ್ಲಜ್ಜಿ?"

ಮಗುವಿಗೆ ಹೇಳಲು ಬೇರೆ ಮಾತೇ ಸಿಗಲಿಲ್ಲವೇ ಅತ್ತೆಗೆ ಎನಿಸಿತು.

"ರಾಮನಗರದ ಮಾರ್ಕೆಟ್‌ಗೆ ಹೋಗೋ ಗೂಡ್ನ ಬೇಯಿಸ್ತಾರೆ. ಮಾಗಡಿ ಕಡೆ ನಮ್ದು ಮೊಟ್ಟೆ ಇಡ್ಸೋಕೆ ಬುಡೋ ಬಿತ್ತನೆ ಗೂಡಲ್ವಾ? ಅದ್ನ ಯಾರೂ ಬೇಯ್ಸಕಿಲ್ಲ. ಚಿಟ್ಟೆ ತಾನಾಗೇ ಆಚೆ ಬತ್ತದೆ."

ಕವನ ಹುಳವನ್ನೇ ನೋಡುತ್ತ ಲೋಟಕ್ಕೆ ಕೈಚಾಚಿದಳು. "ಮತ್ತೆ ಹೋದ್ಸಲ ಮುದ್ದೆ ಯಾಕ್ ಕೊಟ್ಟೆ?"

"ತಪ್ಪಾಯ್ತು ಕಣವ್ವ. ಹುಳದ್ ಹೊಟ್ಟೆ ಗೊತ್ತಿತ್ತು, ನಿನ್ ಹೊಟ್ಟೆ ಗೊತ್ತಾಗ್ನಿಲ್ಲ."

ಮರುದಿನ ಆಸ್ಪತ್ರೆಯಲ್ಲಿ ಕೆಹಕಶಾನ್ ಕೇಳಿದರು, "ಈ ಸಲ ಯಾರೂ ಏನೂ ತಿನ್ನಿಸಿಲ್ಲ ತಾನೆ?" ನನ್ನ ಕಣ್ಣು ತಾನಾಗಿಯೇ ಅತ್ತೆಯ ಕಡೆ ಹೊರಳಿತು.

"ಇಲ್ಲ ಸಿಸ್ಟರ್," ಎಂದಳು ಕವನ. "ಅಜ್ಜಿನೂ ನಿನ್ನೆಯಿಂದ ತಿಂದಿಲ್ಲ, ನನ್ ಜೊತೆ."

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಎಲ್ಲ ಸ್ಪಷ್ಟವಾಗಿ ಕಂಡಿತು, ಒಂದು ಸಣ್ಣ ಗಂಟಿತ್ತು, ತೆಗೆದಿದ್ದೇವೆ ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗಲಾದ್ರೂ ಏನಾದ್ರೂ ತಿನ್ನಿ ಅತ್ತೆ," ಎಂದೆ.

"ಮಗು ತಿನ್ಲಿ ಮೊದ್ಲು. ನಿಂಗೂ ಹಸಿವಾಗಿರ್ಬೇಕು, ನೀನೂ ತಿಂದಿಲ್ವಲ್ಲ."

ನಾನು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಮೂರು ಇಡ್ಲಿ ತಿಂದು ಬಂದಿದ್ದೆ.