ನೂರಾ ಹದಿನೇಳನೆಯ ದಫ್ತರ

ಕಚೇರಿಯ ಫ್ಯಾನಿನ ಗಾಳಿಗೆ ಎದುರಿನ ಬೆಂಚಿನಲ್ಲಿದ್ದ ಬಿಸ್ಮಿಲ್ಲಾಬೀಯ ಕೈಯಲ್ಲಿದ್ದ ನೋಟ್‌ಬುಕ್ ತೆರೆದುಕೊಂಡಿತು, ಬಲಗಡೆಯಿಂದ — ಉರ್ದುವಲ್ಲವೇ, ಬಲಗಡೆಯಿಂದಲೇ ತೆರೆಯಬೇಕು, ಅದರಲ್ಲೇನು ವಿಶೇಷ, ನೌಬಾದದ ಓಣಿಯಲ್ಲಿ ಬೆಳೆದವಳಿಗೆ ಇದೇನು ಹೊಸದೇ, ಚಿಕ್ಕಂದಿನಲ್ಲಿ ಗೆಳತಿ ನಾಹೀದಳ ಪುಸ್ತಕವನ್ನು ಉಲ್ಟಾ ಹಿಡಿದು ನಗಿಸಿದವಳು ನಾನೇ — ಆದರೆ ಆ ಮುನ್ನೂರು ಉರ್ದು ದಫ್ತರಗಳನ್ನು, ಹಳೆಯ ದಾಖಲೆ ಪುಸ್ತಕಗಳನ್ನು, ನಾನು ಯಾವ ಕಡೆಯಿಂದ ನೋಡಿದೆ? ಎಡಗಡೆಯಿಂದ. ಭಾಲ್ಕಿಯಲ್ಲಿ ಸ್ಕ್ಯಾನ್ ಮಾಡಿದವರು ಎಡಗಡೆಯಿಂದಲೇ ಶುರು ಮಾಡಿದ್ದರು, ನನ್ನ ಕಂಪ್ಯೂಟರಿಗೆ ಬರುವುದು ಮೊದಲ ಚಿತ್ರ ಮಾತ್ರ, ನಮ್ಮ ಅಧಿಕಾರಿ ಮಚ್ಛೇಂದ್ರ ಸಾಹೇಬರು ಹೇಳಿದ್ದೂ ಅಷ್ಟೇ, ಮೊದಲನೇ ಪುಟ ನೋಡ್ರಿ ಮಹಾಮಾಯಾ, ವರ್ಗ ಹಾಕ್ರಿ, ಮುಂದ ನಡೀರಿ. ಎ ಎಂದರೆ ಎಂದೆಂದಿಗೂ ಇಡುವುದು, ಬಿ ಮೂವತ್ತು ವರ್ಷ, ಸಿ ಹತ್ತು, ಡಿ ಎಂದರೆ ಅಳಿಸುವುದು. ನಿಜಾಮರ ಕಾಲದ ದಫ್ತರ, ಹಳದಿ ಹಾಳೆ, ನಡುವೆ ಗೆದ್ದಲು ಕೊರೆದ ಒಂದು ತೂತು, ಒಂದಕ್ಷರವಿಲ್ಲ, ಡಿ — ಮತ್ತೊಂದು ಹಳದಿ ಹಾಳೆ, ಡಿ, ಏನು ಚುರುಕು ನನ್ನ ಬೆರಳು, ಸಾಹೇಬರು ಎಲ್ಲರೆದುರು ಹೊಗಳಿದರು, ನಾನೂ ಉಬ್ಬಿಹೋದೆ, ನಾಚಿಕೆಗೇಡಿ. ಅದು ಮೊದಲ ಪುಟವಲ್ಲ, ಕೊನೆಯದು. ಒಳಗೆ ಊರೂರಿನ ಮನೆ ಜಾಗಗಳ ಒಡೆಯರ ಹೆಸರುಗಳಿದ್ದವು, ಗೆದ್ದಲಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಲಿಲ್ಲ. ಕಾಗದದ ದಫ್ತರಗಳು ಹೋದ ತಿಂಗಳೇ ಲಾರಿ ಹತ್ತಿ ರದ್ದಿಗೆ ಹೋದವು, ಉಳಿದದ್ದು ಈ ಸ್ಕ್ಯಾನ್ ಚಿತ್ರಗಳಷ್ಟೇ, ಅವನ್ನೂ ಇಂದು ನಾಲ್ಕಕ್ಕೆ ಅಳಿಸಲು ಸಹಿ ಹಾಕಿದ್ದೇನೆ. ಗೋಡೆಯ ಗಡಿಯಾರ ನಾಲ್ಕೂ ಹತ್ತು.

ನಮ್ಮ ಅಜ್ಜನ ಹೆಸರು ನೂರಾ ಹದಿನೇಳರಾಗ ಅದರಿ ಬೇಟಿ, ನಮ್ಮ ಅಬ್ಬಾ ಇದರಾಗ ಬರದಿಟ್ಟಾರ, ಬಿಸ್ಮಿಲ್ಲಾಬೀ ನೋಟ್‌ಬುಕ್ಕಿನ ಮೇಲೆ ಬೆರಳಿಡುತ್ತಾಳೆ, ಠಾಣಾ ಕುಶನೂರಿನಿಂದ ಮೊದಲ ಬಸ್ಸಿಗೆ ಬಂದು ಬೆಳಗಿನಿಂದ ಬೆಂಚಿನ ಮೇಲೆ ಕೂತವಳು, ಸೋಮವಾರ ಔರಾದ ಕೋರ್ಟಿನ್ಯಾಗ ತಾರೀಖ ಅದರಿ, ಕಾಗದ ತೋರಸಲಿಲ್ಲಂದ್ರ ಮನಿ ಬಿಡ್ರಿ ಅಂತಾರ, ಎಲ್ಲಿ ಹೋಗೋಣ್ರಿ. ತೆರೆಯ ಮೂಲೆಯಲ್ಲಿ ಅಂಕಿ ಓಡುತ್ತಿದೆ, ತೊಂಬತ್ತೆಂಟು ಅಳಿಸಲಾಗಿದೆ, ತೊಂಬತ್ತೊಂಬತ್ತು — ನಿಲ್ಲಿಸು ಎಂದು ಒತ್ತಿದರೆ ಅಧಿಕಾರಿಯ ಪಾಸ್‌ವರ್ಡ್ ಕೇಳುತ್ತದೆ, ಫೋನಿನಲ್ಲಿ ಮಚ್ಛೇಂದ್ರ ಸಾಹೇಬರು, ಔರಾದದಾಗ ಮೀಟಿಂಗ್ ನಡದದರಿ, ಖಾಲಿ ಅಂತ ನೀವೇ ಬರದೀರಿ, ಈಗ ಯಾಕ ಗಾಬರಿ, ನಾಳಿ ನೋಡೋಣ್ರಿ — ನಾಳೆ ಏನು ನೋಡುವುದು ಸಾಹೇಬರೆ, ನೂರಾ ಎಂಟು, ಮತ್ತೆ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ, ವೈರನ್ನೇ ಕಿತ್ತುಬಿಡಲೇ, ಕಿತ್ತೆ, ನನ್ನ ತೆರೆ ಕಪ್ಪಾಯಿತು, ಆದರೆ ಅಳಿಸುವ ಯಂತ್ರ ಇಲ್ಲಿಲ್ಲ, ಅದು ಎಲ್ಲಿದೆಯೋ ಯಾರಿಗೆ ಗೊತ್ತು, ಮತ್ತೆ ಹಚ್ಚುವಷ್ಟರಲ್ಲಿ ನೂರಾ ಇಪ್ಪತ್ತಮೂರು. ಕರೆಂಟ್ ಹೋಯ್ತೇನ್ರಿ ಬೇಟಿ, ಪಾಪ, ಆರಾಮ ನೋಡ್ರಿ, ನಾ ಕುಂದುರ್ತೇನಿ. ಹೇಳಿಬಿಡಬೇಕು, ಈಗಲೇ. ಒಂದು ಒಂದು ಏಳು ಎಂದು ಬರೆದು ಹುಡುಕು ಒತ್ತುತ್ತೇನೆ, ದಫ್ತರ ಹೋಗಿದೆ, ಪಟ್ಟಿಯಲ್ಲಿ ಮೊದಲ ಚಿತ್ರವಷ್ಟೇ ಉಳಿದಿದೆ, ಅದರ ಕೆಳಗೆ ನನ್ನ ಹೆಸರು. ಬಿಸ್ಮಿಲ್ಲಾಬೀ ಎದ್ದು ನನ್ನ ಹೆಗಲ ಹಿಂದೆ ಬಗ್ಗುತ್ತಾಳೆ, ಸಿಕ್ತೇನ್ರಿ — ಹಳದಿ ಹಾಳೆ, ನಡುವೆ ಒಂದು ತೂತು, ಸಿಕ್ತೇನ್ರಿ ಬೇಟಿ, ಹಳದಿ ಹಾಳೆ, ತೂತು —